ನಿರಂಜನ ಫೋನ್ ಆಫ್ ಮಾಡಿರಲಿಲ್ಲ

ಕಳಸದ ಕಡೆ ಮದುವೆ ನಿಶ್ಚಯವಾದರೆ, ಛತ್ರ ಹಿಡಿಯುವ ಮೊದಲೇ ಜನ ಕಾಶೀನಾಥ ಭಟ್ಟರ ಮನೆಗೆ ಹೋಗಿ ಅವರು ಆ ದಿನ ಬಿಡುವಾಗಿದ್ದಾರೋ ಇಲ್ಲವೋ ಕೇಳಿ ಬರುತ್ತಿದ್ದರು. ಅವರ ಅಡುಗೆಗೆ ಅಷ್ಟು ಹೆಸರು. ನಿರಂಜನ ಅವರ ತಮ್ಮ, ಹನ್ನೆರಡು ವರ್ಷ ಚಿಕ್ಕವನು. ಅಪ್ಪ ಬೇಗ ತೀರಿಕೊಂಡಿದ್ದರಿಂದ ಅವನು ಬೆಳೆದದ್ದು ಅಣ್ಣನ ಕೈಯಲ್ಲಿ, ಕಲಿತದ್ದು ಅಣ್ಣನ ಒಲೆಯ ಮುಂದೆ. ಕಾಯಿ ತುರಿಯುವುದರಿಂದ ಹಿಡಿದು ಸಾವಿರ ಜನದ ಅನ್ನ ಬಸಿಯುವವರೆಗೆ ಎಲ್ಲವನ್ನೂ ಕಾಶೀನಾಥರೇ ಕೈ ಹಿಡಿದು ತಿದ್ದಿದ್ದರು.

ಇಂಥ ಅಣ್ಣತಮ್ಮಂದಿರು ಮಾತು ಬಿಟ್ಟದ್ದು ಒಂದು ಹಂಡೆ ಸಾರಿನ ದೆಸೆಯಿಂದ.

ಎರಡು ಸಾವಿರದ ಇಸವಿ. ಮೂಡಿಗೆರೆ ಹತ್ತಿರ ಕಾಫಿ ಎಸ್ಟೇಟಿನವರ ಮನೆಯ ಮದುವೆ. ಆ ವರ್ಷ ಕಾಶೀನಾಥರಿಗೆ ವಿಷಮಜ್ವರ ಬಂದು ಹೋಗಿತ್ತು. ಜ್ವರ ಬಿಟ್ಟರೂ ನಾಲಿಗೆಗೆ ರುಚಿ ಮರಳಿ ಬಂದಿರಲಿಲ್ಲ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಅಂದು ಸಾರಿಗೆ ಉಪ್ಪು ಎರಡು ಸಲ ಬಿತ್ತು. ಎಲೆ ಹಾಕಲು ಹತ್ತು ನಿಮಿಷವಿದೆ ಅನ್ನುವಾಗ ಒಂದು ಸೌಟು ಬಾಯಿಗೆ ಹಾಕಿದ ನಿರಂಜನ ಬೆಚ್ಚಿಬಿದ್ದ. ಅಣ್ಣ ಅತ್ತ ತಿರುಗಿದ್ದಾಗ ಬೇಳೆಕಟ್ಟು, ಬಿಸಿನೀರು ಹೊಯ್ದು ಹೇಗೋ ಸರಿ ಮಾಡಿದ. ಊಟ ಮುಗಿಯಿತು, ಯಾರಿಗೂ ಗೊತ್ತಾಗಲಿಲ್ಲ. ಆದರೆ ಪಾತ್ರೆ ತೊಳೆಯಲು ಬಂದು ಅದನ್ನು ಕಂಡಿದ್ದ ಬಸಮ್ಮ ಎಲ್ಲರೆದುರು, "ಸಣ್ಣಯ್ಯ ಇಲ್ದಿದ್ರೆ ಇವತ್ತು ಮರ್ಯಾದೆ ಹೋಗ್ತಿತ್ತು" ಎಂದು ಹೊಗಳಿಬಿಟ್ಟಳು.

ಕಾಶೀನಾಥರ ಮುಖ ಕಪ್ಪಿಟ್ಟಿತು. "ನನ್ನ ಸಾರಿಗೆ ನೀರು ಹೊಯ್ಯೋವಷ್ಟು ದೊಡ್ಡವನಾದ್ಯಾ ನೀನು?"

"ಅಣ್ಣ, ಉಪ್ಪು ಜಾಸ್ತಿ ಆಗಿತ್ತು. ಹೇಳಿದ್ರೆ ನಿಂಗೆ ಬೇಜಾರಾಗ್ತದೆ ಅಂತ..."

"ಕದ್ದು ಮಾಡಿದ್ದಕ್ಕೆ ಬೇಜಾರಾಗಲ್ವಾ? ಇನ್ಮೇಲೆ ನನ್ನ ಒಲೆ ಹತ್ರ ಬರ್ಬೇಡ."

ಮಾರನೇ ದಿನ ಹೋಗಿ ಕಾಲು ಹಿಡಿದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ನಿರಂಜನನಿಗೂ ಆಗ ಬಿಸಿರಕ್ತ. ಒಳ್ಳೆಯದು ಮಾಡಿದವನು ನಾನು, ನಾನ್ಯಾಕೆ ತಲೆ ಬಗ್ಗಿಸಲಿ ಅಂದುಕೊಂಡ. ಒಂದು ವಾರ ಹೋಯಿತು, ಒಂದು ತಿಂಗಳು ಹೋಯಿತು. ಆಮೇಲೆ ಮಾತಾಡುವುದೇ ಕಷ್ಟವಾಯಿತು. ಒಂದೇ ಊರಿನ ಎರಡು ಬೀದಿಗಳಲ್ಲಿದ್ದುಕೊಂಡು ಏಳು ವರ್ಷ ಇಬ್ಬರೂ ಒಬ್ಬರ ಮುಖ ಇನ್ನೊಬ್ಬರು ನೋಡಲಿಲ್ಲ. ಹೆಂಗಸರು ಮಾತ್ರ ಹೋಗಿ ಬಂದು ಮಾಡುತ್ತಿದ್ದರು. ನಿರಂಜನನ ಹೆಂಡತಿ ಪ್ರೇಮಕುಮಾರಿ ಹಬ್ಬಕ್ಕೆ ಹೋಳಿಗೆ ಕೊಟ್ಟು ಬಂದರೆ, ಅತ್ತಿಗೆ ಗಿರಿಜಾಂಬಾ ಡಬ್ಬಿಯಲ್ಲಿ ಉಪ್ಪಿನಕಾಯಿ ತುಂಬಿ ಕಳಿಸುತ್ತಿದ್ದರು.

ಅಣ್ಣನ ಜೊತೆಗಿನ ಕೆಲಸ ಹೋದ ಮೇಲೆ ನಿರಂಜನ ಚಿಕ್ಕಮಗಳೂರಿನ ಮಂಜಯ್ಯನವರ ಯಾತ್ರೆ ಬಸ್ಸಿಗೆ ಸೇರಿಕೊಂಡ. ಬಸ್ಸಿನ ಹಿಂದೆ ಗ್ಯಾಸ್ ಒಲೆ, ಪಾತ್ರೆ, ಅಕ್ಕಿಮೂಟೆ ಕಟ್ಟಿಕೊಂಡು ಕಾಶಿ, ಗಯಾ, ರಾಮೇಶ್ವರ ಸುತ್ತಿ ಬರುವ ಯಾತ್ರೆ ಅದು. ಯಾತ್ರಿಕರಲ್ಲಿ ಹೆಚ್ಚಿನವರು ಕಾಫಿ ಬೆಳೆಗಾರರ ಮನೆಯವರು. ಕೊಯ್ಲು ಮುಗಿಸಿ, ಕಾಫಿ ಗಿಡ ಅರಳಿಸುವ ಹೂಮಳೆ ಬಂದದ್ದು ನೋಡಿಕೊಂಡು ಹೊರಡುವವರು. ಎಲ್ಲಿ ಬಸ್ಸು ನಿಂತರೂ ಅವರಿಗೆ ಬೆಳಿಗ್ಗೆ ಆರಕ್ಕೆ ಫಿಲ್ಟರ್ ಕಾಫಿ ಆಗಬೇಕು. ನಿರಂಜನ ಅದನ್ನು ಒಂದು ದಿನವೂ ತಪ್ಪಿಸಿದವನಲ್ಲ.

ಎರಡು ಸಾವಿರದ ಏಳರ ಏಪ್ರಿಲ್‌ನಲ್ಲಿ ಮಂಜಯ್ಯ ಮೊದಲ ಸಲ ನೇಪಾಳದ ಯಾತ್ರೆ ಹಾಕಿದರು. ಆಗಲೇ ನಿರಂಜನ ಮೊಬೈಲ್ ತೆಗೆದುಕೊಂಡದ್ದು. ಚಿಕ್ಕಮಗಳೂರಿನ ಮೊಬೈಲ್ ಕಂಪನಿ ಆಫೀಸಿನಲ್ಲಿ, ನೇಪಾಳದಲ್ಲೂ ಇದು ನಡೆಯುತ್ತದಾ ಎಂದು ಎರಡೆರಡು ಸಲ ಕೇಳಿದ. ಕೌಂಟರಿನಲ್ಲಿದ್ದವನು ಒಂದು ಫಾರಂ ಕೊಟ್ಟು ಸಹಿ ಹಾಕಿಸಿಕೊಂಡ. "ಇಂಟರ್‌ನ್ಯಾಷನಲ್ ರೋಮಿಂಗ್ ಹಾಕಿದೀನಿ ಸಾರ್. ಚಂದ್ರಲೋಕಕ್ಕೆ ಹೋದ್ರೂ ಸಿಗ್ತೀರಿ" ಎಂದು ನಕ್ಕ.

ಹೊರಡುವ ಹಿಂದಿನ ದಿನ ನಿರಂಜನ ಒಂದು ಚೀಟಿಯಲ್ಲಿ ನಂಬರು ಬರೆದು ಹೆಂಡತಿಯ ಕೈಗೆ ಕೊಟ್ಟ. "ಇದನ್ನ ಅತ್ತಿಗೆಗೆ ಕೊಟ್ಟು ಬಾ. ಅಣ್ಣನಿಗೆ ಕೊಡಿ ಅಂತ ಹೇಳ್ಬೇಡ. ಸುಮ್ನೆ ಇರ್ಲಿ ಅಂತ ಕೊಡು."

ಪ್ರೇಮಕುಮಾರಿ ಅವನ ಮುಖವನ್ನೇ ನೋಡಿದಳು. "ನೀವೇ ಹೋಗ್ಬಾರ್ದಾ? ಇಷ್ಟು ಹತ್ರ ಇದೆ."

"ಬಂದ ಮೇಲೆ ಹೋಗ್ತೀನಿ ಮಾರಾಯ್ತಿ. ಪ್ರಸಾದ ಕೊಡೋ ನೆಪ ಇರ್ತದೆ."

ಗಿರಿಜಾಂಬಾ ಆ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದುಕೊಂಡರಂತೆ.

ಗೋರಖಪುರ ದಾಟುವವರೆಗೂ ಫೋನ್ ಚೆನ್ನಾಗಿತ್ತು. ಗಡಿ ದಾಟಿ ಒಂದು ಗಂಟೆಯಾಗಿರಬೇಕು, ಪರದೆಯ ಮೇಲಿದ್ದ ಕಡ್ಡಿಗಳು ಒಂದೊಂದಾಗಿ ಹೋಗಿ ಖಾಲಿಯಾಯಿತು. ಬೆಟ್ಟದ ದಾರಿ, ಮುಂದೆ ಬರಬಹುದು ಅಂದುಕೊಂಡ. ಕಠ್ಮಂಡುವಿನಲ್ಲಿ ಟವರಿನ ಗುರುತು ತುಂಬಾ ಕಾಣಿಸಿತು, ಆದರೆ ಕರೆ ಹೋಗಲಿಲ್ಲ. ಬಸ್ಸಿನಲ್ಲಿದ್ದ ಅತ್ತಿಗುಂಡಿಯ ಶಂಕರಮ್ಮನವರಿಗೆ ಫೋನಿನ ವಿಷಯ ಸ್ವಲ್ಪ ಗೊತ್ತಿತ್ತು. ಅವರು ಕನ್ನಡಕ ಹಾಕಿಕೊಂಡು ಅದನ್ನು ಆಫ್ ಮಾಡಿ ಆನ್ ಮಾಡಿದರು, ಸಿಮ್ ತೆಗೆದು ಒರೆಸಿ ಹಾಕಿದರು, ಬೇರೆ ಬೇರೆ ನೆಟ್‌ವರ್ಕ್ ಹುಡುಕಿ ಒತ್ತಿದರು. ಪ್ರತಿಸಲವೂ ಅನುಮತಿ ಇಲ್ಲ ಎಂದೇ ಬಂತು.

"ಕಂಪನಿಯವರಿಗೇ ಮಾಡಿ ಕೇಳಿ ಭಟ್ರೇ" ಎಂದರು.

ನಿರಂಜನ ಬೀದಿಯ ಟೆಲಿಫೋನ್ ಬೂತಿಗೆ ಹೋದ. ಕಂಪನಿಯ ದೂರಿನ ನಂಬರು ಮೂರೇ ಅಂಕಿಯದು. ಬೂತಿನವನು ಅದನ್ನು ನೋಡಿ, ಇದು ನಿಮ್ಮ ದೇಶದೊಳಗೆ ಮಾತ್ರ ನಡೆಯುವ ನಂಬರು, ಇಲ್ಲಿಂದ ಹೋಗುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿದ. ಹೊರದೇಶದಲ್ಲಿ ಫೋನ್ ನಡೆಯದಿದ್ದರೆ ದೂರು ಕೊಡಲು ಸ್ವದೇಶಕ್ಕೇ ಹೋಗಬೇಕು ಅಂದಂತಾಯಿತು. ಅದೇ ಬೂತಿನಿಂದ ಮನೆಗೆ ಮಾಡಿದ. ಪ್ರೇಮಕುಮಾರಿ ಸಿಕ್ಕಳು. ಎಲ್ಲರೂ ಚೆನ್ನಾಗಿದ್ದಾರೆ ಎಂದಳು. "ನನ್ನ ಮೊಬೈಲು ಇಲ್ಲಿ ಸತ್ತಿದೆ, ಮತ್ತೆ ಬೂತಿಂದ ಮಾಡ್ತೀನಿ" ಎನ್ನುವುದರೊಳಗೆ ಗುಡುಗಿನಂಥ ಸದ್ದಾಗಿ ಲೈನು ಕಡಿಯಿತು. ಅವಳಿಗೆ ಆ ಮಾತು ಕೇಳಿಸಿತೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ. ಕೇಳಿಸಿರಲಿಲ್ಲ.

ಪೋಖರಾದಿಂದ ಹಿಂತಿರುಗುವಾಗ ಬಂದ್ ಶುರುವಾಯಿತು. ರಸ್ತೆಗೆ ಮರ ಕಡಿದು ಹಾಕಿದ್ದರು. ಒಂದು ಸಣ್ಣ ಊರಿನ ಶಾಲೆಯ ಅಂಗಳದಲ್ಲಿ ಬಸ್ಸು ನಾಲ್ಕು ದಿನ ನಿಂತಿತು. ಅಂಗಡಿ, ಬೂತು, ಎಲ್ಲಕ್ಕೂ ಬೀಗ. ಇದ್ದ ಅಕ್ಕಿಬೇಳೆಯಲ್ಲಿ ನಲವತ್ತೈದು ಜನಕ್ಕೆ ಎರಡು ಹೊತ್ತಿನ ಊಟ ಹೊಂದಿಸುವುದರಲ್ಲಿ ನಿರಂಜನ ಹಣ್ಣಾದ. ಆದರೂ ಬಿಡುವಾದಾಗೆಲ್ಲ ಫೋನ್ ಹಿಡಿದು ಶಾಲೆಯ ಹಿಂದಿನ ದಿಣ್ಣೆ ಹತ್ತುತ್ತಿದ್ದ. ಬ್ಯಾಟರಿ ಮುಗಿಯದಂತೆ ಬಸ್ಸಿನ ಡ್ರೈವರನನ್ನು ಕಾಡಿ ಚಾರ್ಜ್ ಮಾಡಿಸುತ್ತಿದ್ದ. ಆ ನಾಲ್ಕು ದಿನದಲ್ಲಿ ಅವನು ಅದನ್ನು ಒಂದು ಗಳಿಗೆಯೂ ಆರಿಸಿ ಇಟ್ಟಿರಲಿಲ್ಲ.

ಐದನೇ ದಿನ ದಾರಿ ತೆರೆಯಿತು. ಗಡಿ ಇನ್ನೂ ಎರಡು ಮೈಲಿ ಇದೆ ಅನ್ನುವಾಗ ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು. ಸಂದೇಶಗಳು ಒಂದರ ಹಿಂದೆ ಒಂದು ಬಂದವು. ತೆರೆದು ಓದಲು ಅವನಿಗೆ ಬರುತ್ತಿರಲಿಲ್ಲ. ಮನೆಗೆ ಮಾಡಿದ.

"ಎಲ್ಲಿದ್ರಿ ನೀವು?" ಪ್ರೇಮಕುಮಾರಿಯ ದನಿ ಒಡೆದಿತ್ತು. "ಭಾವ ಹೋಗ್ಬಿಟ್ರು. ಇವತ್ತಿಗೆ ಮೂರು ದಿನ ಆಯ್ತು."

ಬಸ್ಸು ಓಡುತ್ತಲೇ ಇತ್ತು. ಯಾರೋ ಭಜನೆ ಹೇಳುತ್ತಿದ್ದರು. ನಿರಂಜನ ಎದ್ದು ಹೋಗಿ ಮಂಜಯ್ಯನವರ ಕಿವಿಯಲ್ಲಿ ವಿಷಯ ಹೇಳಿದ. ಅವರು ಕೈ ಹಿಡಿದುಕೊಂಡರು. "ಭಟ್ರೇ, ಸೂತಕ ಅಂತ ಗೊತ್ತಾದ್ರೆ ಇವತ್ತು ಇಷ್ಟೂ ಜನ ಉಪವಾಸ ಬೀಳ್ತಾರೆ. ಗೋರಖಪುರದವರೆಗೆ ಹೇಗಾದ್ರೂ..." ಎಂದರು.

"ಅದೊಂದು ಆಗಲ್ಲ ಮಂಜಯ್ಯನೋರೇ. ಅಣ್ಣ ಕಲಿಸಿದ ಕೆಲಸ ಇದು. ಅವನ ಸೂತಕದಲ್ಲೇ ಒಲೆ ಮುಟ್ಲಾ?"

ಶಂಕರಮ್ಮನವರೂ ಇನ್ನಿಬ್ಬರು ಹೆಂಗಸರೂ ಸೇರಿ ಅಂದು ಚಿತ್ರಾನ್ನ ಕಲಸಿದರು. ನಿರಂಜನ ದೂರದಲ್ಲಿ ಕಟ್ಟೆಯ ಮೇಲೆ ಕೂತಿದ್ದ. ಗೋರಖಪುರದಲ್ಲಿ ರೈಲು ಹಿಡಿದು, ಬೆಂಗಳೂರಿನಿಂದ ಬಸ್ಸು ಹತ್ತಿ, ಕಳಸದಲ್ಲಿ ಇಳಿಯುವಾಗ ಅಣ್ಣ ಸತ್ತು ಏಳನೇ ದಿನ.

ಕಾಶೀನಾಥರಿಗೆ ಗಂಡುಮಕ್ಕಳಿರಲಿಲ್ಲ. ಬೆಂಕಿ ಕೊಡಬೇಕಾದವನು ನಿರಂಜನ. ಅವನು ಸಿಗದೆ, ಕೊಪ್ಪದ ಕಡೆಯ ದೂರದ ದಾಯಾದಿಯೊಬ್ಬನನ್ನು ಕರೆಸಿದ್ದರು. ಕಾಶೀನಾಥರು ಬದುಕಿದ್ದಾಗ ಆತ ಅವರ ಮುಖ ನೋಡಿದ್ದು ಒಮ್ಮೆಯೋ ಎರಡು ಸಲವೋ. ಕರ್ಮಕ್ಕೆ ಕೂತವನು ಆತ, ತುಸು ಹಿಂದೆ ಮಣೆಯಿಲ್ಲದೆ ಕೂತವನು ನಿರಂಜನ. ಹತ್ತನೇ ದಿನ ಎಲ್ಲರ ಜೊತೆ ಮೂರು ಬೊಗಸೆ ಎಳ್ಳುನೀರು ಬಿಟ್ಟ. ಅವನ ಪಾಲಿಗೆ ಸಿಕ್ಕಿದ್ದು ಅಷ್ಟೇ.

ಹದಿಮೂರು ಕಳೆದ ಮೇಲೆ ಗಿರಿಜಾಂಬಾ ಅವನನ್ನು ಕೂರಿಸಿಕೊಂಡು ಹೇಳಿದರು. ಎದೆಯಲ್ಲಿ ನೀರು ತುಂಬಿ ಚಿಕ್ಕಮಗಳೂರಿನ ಆಸ್ಪತ್ರೆಗೆ ಸೇರಿಸಿದ್ದರು. ಎರಡನೇ ದಿನ ಕಾಶೀನಾಥರು ತಾವಾಗಿಯೇ, "ಆ ನಂಬರು ತಂದಿದ್ದೀಯಾ? ಹಚ್ಚು" ಅಂದರು. ಸಾಗರದಿಂದ ಬಂದಿದ್ದ ಮಗಳು ಗಾನಶ್ರೀ ತನ್ನ ಮೊಬೈಲಿನಿಂದ ಹಚ್ಚಿ ಅಪ್ಪನ ಕಿವಿಗೆ ಹಿಡಿದಳು.

"ಏನಾದ್ರೂ ಹೇಳಿದ್ನಾ ಅತ್ತಿಗೆ, ನಂಗೆ ಏನು ಹೇಳ್ಬೇಕು ಅಂತ?"

"ನನ್ನ ಹತ್ರ ಹೇಳ್ಲಿಲ್ಲ. ನಿನ್ನ ಹತ್ರವೇ ಮಾತಾಡ್ಬೇಕು ಅಂದ್ರು. ಎರಡು ದಿನದಲ್ಲಿ ಹನ್ನೊಂದು ಸಲ ಹಚ್ಚಿಸಿದ್ರು. ಹನ್ನೊಂದು ಸಲವೂ ಆ ಹೆಂಗಸು, ನೀವು ಕರೆ ಮಾಡಿದ ಚಂದಾದಾರರು ಫೋನ್ ಸ್ವಿಚ್ ಆಫ್ ಮಾಡಿದ್ದಾರೆ ಅಂತ ಕನ್ನಡದಲ್ಲೇ ಹೇಳಿದ್ಲು. ಕೊನೇ ಸಲ ಅವ್ರೇ ಫೋನ್ ಪಕ್ಕಕ್ಕೆ ಇಟ್ರು. 'ನಾನು ಮಾಡ್ತೀನಿ ಅಂತ ಅವ್ನಿಗೆ ಗೊತ್ತಾಗಿದೆ, ಅದಕ್ಕೆ ಆಫ್ ಮಾಡಿದ್ದಾನೆ. ಬಿಡು ಗಿರಿಜಾ' ಅಂದ್ರು. ಆಮೇಲೆ ಹೆಚ್ಚು ಮಾತಾಡ್ಲಿಲ್ಲ."

"ನಾನು ಆಫ್ ಮಾಡಿರ್ಲಿಲ್ಲ ಅತ್ತಿಗೆ. ದೇವರಾಣೆ ಮಾಡಿರ್ಲಿಲ್ಲ."

ಗಿರಿಜಾಂಬಾ ತಲೆ ತಗ್ಗಿಸಿ ಸೆರಗಿನ ಅಂಚನ್ನು ಮಡಚುತ್ತಾ ಕೂತರು. ಗಾನಶ್ರೀ ಒಳಗಿನಿಂದ ಒಮ್ಮೆ ಬಂದು ನೋಡಿ, ಚಿಕ್ಕಪ್ಪನ ಜೊತೆ ಮಾತಾಡದೆ ಹಿಂದಿರುಗಿದಳು.

ಆಣೆ ಇಟ್ಟರೆ ಸಾಲದು, ಏನಾದರೂ ರುಜುವಾತು ಬೇಕು ಎಂದು ನಿರಂಜನನ ತಲೆಯಲ್ಲಿ ಕೂತದ್ದು ಆಗ. ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಈ ಫೋನ್ ನಡೆಯುತ್ತಿರಲಿಲ್ಲ ಎಂದು ಕಂಪನಿಯವರು ಒಂದು ಕಾಗದದಲ್ಲಿ ಬರೆದು ಕೊಟ್ಟರೆ ಸಾಕು. ಆ ಮಳೆಗಾಲದಲ್ಲಿ ಅವನು ಕಳಸದಿಂದ ಚಿಕ್ಕಮಗಳೂರಿಗೆ ಒಂಬತ್ತು ಸಲ ಹೋಗಿ ಬಂದ. ನಕ್ಕು ಫಾರಂ ಕೊಟ್ಟಿದ್ದವನು ಕೆಲಸ ಬಿಟ್ಟು ಹೋಗಿದ್ದ. ಅವನ ಜಾಗದಲ್ಲಿ ದಿವ್ಯಾ ಎಂಬ ಹುಡುಗಿ ಕೂತಿದ್ದಳು. ಪಾಪ, ಅವಳು ಒಳ್ಳೆಯವಳು. ಕೂತ್ಕೊಳಿ ಅಂಕಲ್ ಎಂದು ಕುರ್ಚಿ ಕೊಟ್ಟು, ಪ್ರತಿಸಲವೂ ದೂರು ಬರೆದುಕೊಂಡು ಉದ್ದದ ಒಂದು ನಂಬರು ಕೊಡುತ್ತಿದ್ದಳು.

ಮನೆಯಿಂದ ಮೂರಂಕಿಯ ನಂಬರಿಗೂ ಮಾಡಿದ. ಕನ್ನಡಕ್ಕೆ ಒಂದು ಒತ್ತಿ ಎಂದಲ್ಲಿ ಒಂದು ಒತ್ತಿ, ದೂರಿಗೆ ನಾಲ್ಕು ಎಂದಲ್ಲಿ ನಾಲ್ಕು ಒತ್ತಿ, ಹಾಡು ಕೇಳುತ್ತಾ ಕಾದ. ಒಬ್ಬ, ನೀವು ನೇಪಾಳದಲ್ಲಿ ನೆಟ್‌ವರ್ಕನ್ನು ಕೈಯಾರೆ ಆರಿಸಿಕೊಳ್ಳಬೇಕಿತ್ತು ಎಂದ. ಇನ್ನೊಬ್ಬಳು, ಅಲ್ಲಿನ ಟವರುಗಳು ನಮ್ಮವಲ್ಲ, ಅವರನ್ನೇ ಕೇಳಬೇಕು ಎಂದಳು. ಮತ್ತೊಬ್ಬ, ಈಗ ಫೋನ್ ಸರಿಯಿದೆಯಲ್ಲ ಸಾರ್, ಇನ್ನೇನು ತೊಂದರೆ ಎಂದ. ಏನು ತೊಂದರೆ ಎಂದು ಹೇಳಲು ನಿರಂಜನ ಬಾಯಿ ತೆರೆದ. ಅಣ್ಣ ಎಂಬ ಒಂದು ಮಾತು ಹೊರಬಂತು, ಮುಂದೆ ಹೋಗಲಾಗಲಿಲ್ಲ. ಒಂದು ವಾರದ ಮೇಲೆ ಒಂದು ಸಂದೇಶ ಬಂತು; ನಿಮ್ಮ ದೂರು ಬಗೆಹರಿದಿದೆ ಎಂದು ಪ್ರೇಮಕುಮಾರಿ ಓದಿ ಹೇಳಿದಳು.

ದೀಪಾವಳಿ ಹತ್ತಿರ ಬಂದಾಗ ದಿವ್ಯಾ ಮೇಲಿನವರನ್ನು ಕಾಡಿ ಕೊನೆಗೂ ಒಂದು ಪತ್ರ ತರಿಸಿದಳು. ಅವನ ಕೈಗೆ ಕೊಡುವಾಗ ಅವಳ ಮುಖದಲ್ಲಿ ಗೆಲುವಿರಲಿಲ್ಲ. ಪತ್ರ ಇಂಗ್ಲಿಷಿನಲ್ಲಿತ್ತು.

"ಏನಂತೆ ಓದಮ್ಮ."

"ಆ ತಿಂಗಳು ಪೂರ್ತಿ ನಿಮ್ಮ ನಂಬರಿಗೆ ರೋಮಿಂಗ್ ಚಾಲ್ತಿಯಲ್ಲಿತ್ತು ಅಂತ ಬರೆದಿದ್ದಾರೆ ಅಂಕಲ್. ಕಂಪನಿ ಕಡೆಯಿಂದ ಯಾವ ದೋಷವೂ ಕಂಡುಬಂದಿಲ್ಲ ಅಂತೆ. ಫೋನ್ ಆಫ್ ಆಗಿದ್ದಿರಬಹುದು ಅಂತ..." ಅವಳು ನಿಲ್ಲಿಸಿದಳು. "ಸಾರಿ ಅಂಕಲ್."

ತಾನು ಸುಳ್ಳುಗಾರ ಎಂಬುದಕ್ಕೆ ಸಹಿ, ಮೊಹರು ಸಮೇತ ಕಾಗದ ಸಿಕ್ಕಿತ್ತು. ಬಸ್ ಸ್ಟ್ಯಾಂಡಿಗೆ ನಡೆಯುವಾಗ ನಿರಂಜನ ಅದನ್ನು ಎಲ್ಲಾದರೂ ಬಿಸಾಡಬೇಕು ಅಂದುಕೊಂಡ. ಬಿಸಾಡಲು ಕೈ ಬರಲಿಲ್ಲ. ಇಷ್ಟು ದಿನ ಅಲೆದು ಪಡೆದದ್ದು.

ಮಾರನೇ ದಿನ ಅತ್ತಿಗೆಯ ಮನೆಗೆ ಹೋಗಿ ಆ ಪತ್ರವನ್ನು ಅವರ ಮುಂದಿಟ್ಟು, ಅದರಲ್ಲಿ ಏನಿದೆ ಎಂಬುದನ್ನು ಮುಚ್ಚಿಡದೆ ಹೇಳಿದ. ಬೂತಿನ ವಿಷಯ, ದಿಣ್ಣೆಯ ವಿಷಯ, ಶಂಕರಮ್ಮನವರು ಸಿಮ್ ಒರೆಸಿ ಹಾಕಿದ್ದು, ಎಲ್ಲ ಹೇಳಿದ. "ಬೇಕಾದ್ರೆ ಅತ್ತಿಗುಂಡಿಗೆ ಹೋಗಿ ಅವರನ್ನೇ ಕರ್ಕೊಂಡು ಬರ್ತೀನಿ. ಅವ್ರ ಬಾಯಲ್ಲೇ ಕೇಳಿ."

ಗಿರಿಜಾಂಬಾ ಪತ್ರ ಮುಟ್ಟಲಿಲ್ಲ. 

"ಯಾರನ್ನೂ ಕರ್ಕೊಂಡು ಬರ್ಬೇಡ ನಿರಂಜನ. ನೀನು ಆಫ್ ಮಾಡಿರ್ಲಿಲ್ಲ ಅಂತ ನಂಗೆ ಮೊದಲನೇ ದಿನವೇ ಗೊತ್ತಿತ್ತು. ನಿನ್ನನ್ನ ಸಣ್ಣವನಿದ್ದಾಗಿಂದ ನೋಡಿದ್ದೀನಿ. ಆದ್ರೆ ನಾನು ನಂಬಿ ಏನಾಗ್ಬೇಕು ಹೇಳು. ನಂಬಬೇಕಾದವ್ರು ನಂಬದೆ ಹೋದ್ರು."

ನಿರಂಜನ ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡ. ಕಾಫಿ ಕುಡಿದು ಎದ್ದ. ಆ ವಾರವೇ, ಮುಂದಿನ ಯಾತ್ರೆಗೆ ಬರುತ್ತೀರಾ ಎಂದು ಮಂಜಯ್ಯನವರು ಕೇಳಿದಾಗ, ಬರುತ್ತೇನೆ ಎಂದ. ಕಾಗದಕ್ಕಾಗಿ ಅಲೆಯುವುದು ಮುಗಿದಿತ್ತು, ಆಗದು ಎನ್ನಲು ಬೇರೆ ಕಾರಣವೇನೂ ಉಳಿದಿರಲಿಲ್ಲ.