ತಪ್ಪಿಲ್ಲದವಳೇ ಮೊದಲು

ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ, ಎಂಬತ್ತರ ದಶಕದ ಕೊನೆಗೆ, ಸುಗ್ಗಿ ಹಬ್ಬಕ್ಕೆಂದು ರಾಯಬಾಗದ ಹತ್ತಿರದ ನಮ್ಮೂರಿಗೆ ಬಂದಿದ್ದೆ. ಅವ್ವ ಅಂದು ಹಸಿರು ಸೀರೆ ಉಟ್ಟಿದ್ದಳೆಂದು ನಾನು, ಅಲ್ಲ ಬಿಳಿಯದೆಂದು ತಂಗಿ, ಈಗಲೂ ವಾದಿಸುತ್ತೇವೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೆ ಅವಳು ಮಾಡಿದ್ದರ ಬಗ್ಗೆ ನಮ್ಮಿಬ್ಬರಿಗೂ ಅನುಮಾನವಿಲ್ಲ.

ಆ ಹಬ್ಬದಂದು ನಮ್ಮ ಸಭೆಯವರು ಹೊಲದ ಮೊದಲ ಬೆಳೆಯನ್ನು ಚರ್ಚಿಗೆ ತಂದು ಕಾಣಿಕೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಅದರ ಲಿಲಾವು, ಅಂದರೆ ಹರಾಜು. ಜೋಳದ ತೆನೆ, ಕಬ್ಬು, ಕಾಲು ಕಟ್ಟಿದ ಕೋಳಿ, ಎಲ್ಲವೂ ಇರುತ್ತವೆ. ಪ್ರಾರ್ಥನೆಯ ನಡುವೆ ಕೋಳಿಯೂ ದನಿಗೂಡಿಸುತ್ತದೆ. ಸಭಾಪಾಲಕರು ಅಂದು ಪ್ರಸಂಗದಲ್ಲಿ ಹೇಳಿದ್ದು ಹಳೆಯ ಮಾತೇ: ಕಾಣಿಕೆ ತಂದಾಗ, ಯಾರಿಗೋ ನಿನ್ನ ಮೇಲೆ ಮುನಿಸಿದೆ ಎಂದು ನೆನಪಾದರೆ, ಅದನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು. ಕೇಳಿ ಎದ್ದು ಹೋದವರನ್ನು ನಾನು ಕಂಡಿರಲಿಲ್ಲ.

ಅವ್ವ ಎದ್ದಳು. ಕಾಣಿಕೆಗೆ ತಂದಿದ್ದ ಬದನೆಕಾಯಿಯ ಬುಟ್ಟಿಯನ್ನು ನೆಲಕ್ಕಿಟ್ಟು ಬಾಗಿಲ ಕಡೆ ನಡೆದಳು.

"ಯವ್ವಾ, ಈಗ ಎಲ್ಲಿ ಹೊಂಟಿ? ನಿನ್ನ ಬದನೀಕಾಯಿ ಸಲುವಾಗೇ ಕುಂತೀನಿ ನಾ," ಎಂದರು ಹಿರಿಯರೊಬ್ಬರು.

"ಬರ್ತೀನ್ರಿ. ಈಗ ಹೇಳಿದ್ದು ಕೇಳಿದ್ರಿಲ್ಲೋ?"

ಅವಳು ಹೊರಟದ್ದು ದೊಡ್ಡವ್ವನ ಮನೆಗೆ. ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ. ಕೆಲವು ವರ್ಷಗಳ ಹಿಂದೆ, ಅವಳು ಅಥಣಿಯ ತವರಿಗೆ ಹೋಗಿದ್ದಾಗ ನಮ್ಮ ಅಜ್ಜಿ ತೀರಿಕೊಂಡಿದ್ದಳು. ಅಜ್ಜಿಗೆ ಜಡ್ಡಾಗಿದೆ ಎಂದು ಅವ್ವ ಬಸ್ಸಿನ ಕಂಡಕ್ಟರನ ಕೈಲಿ ಹೇಳಿಕಳಿಸಿದ್ದಳು. ಆ ಮಾತು ಮುಟ್ಟಲಿಲ್ಲ. ದೊಡ್ಡವ್ವ ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಅತ್ತೆಯ ಮುಖ ನೋಡಗೊಡಬಾರದೆಂದೇ ಅವ್ವ ಸುದ್ದಿ ಮುಚ್ಚಿಟ್ಟಳು ಎಂದು ಊರ ಮುಂದೆ ಕೂಗಾಡಿದವಳು, ಅಂದಿನಿಂದ ಅವ್ವನ ಜೊತೆ ಮಾತು ಬಿಟ್ಟಳು, ಚರ್ಚನ್ನೂ ಬಿಟ್ಟಳು.

ನಾನು ಬೆನ್ನಟ್ಟಿ ಹೋಗಿ ಕೇಳಿದೆ: "ತಪ್ಪು ಆಕೀದವ್ವಾ. ನೀ ಯಾಕ ಹೋಗಬೇಕು?"

"ತಪ್ಪು ಯಾರದಂತ ಆ ವಾಕ್ಯದಾಗ ಕೇಳಿಲ್ಲಲೇ. ಆಕಿಗೆ ನನ್ನ ಮ್ಯಾಲ ಸಿಟ್ಟೈತಿ. ಅಷ್ಟ ಸಾಕು."

ತತ್ತ್ವಶಾಸ್ತ್ರ ಓದುತ್ತಿದ್ದ ನಾನು ಅವಳ ಹಿಂದೆ ನಡೆದೆ.

ದೊಡ್ಡವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಇವತ್ತ ಹಾದಿ ತಪ್ಪಿತೇನು?"

"ಇಲ್ಲಕ್ಕಾ. ನಿನ್ನ ಕಡೇನ ಬಂದೀನಿ."

ಕಂಡಕ್ಟರನ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಅವ್ವ ನನ್ನತ್ತ ನೋಡಿದಳು. ನಾನು ಹಿಂದೆ ಸರಿದೆ. ಅವಳೂ ಅದನ್ನು ಹೇಳಲಿಲ್ಲ. ಎದುರು ಕೂತು ಜೋಳಕ್ಕೆ ಕೈ ಹಾಕಿದಳು.

"ಮಾರಿ ನೋಡಾಕ ಸಿಗಲಿಲ್ಲಂತ ನಿನ್ನ ಹೊಟ್ಟಿ ಎಷ್ಟ ಉರದೈತಿ, ನನಗ ಗೊತ್ತೈತೆಕ್ಕಾ."

"ಹರಳ ಇರೋ ಕಡೆ ನೋಡು. ಬರೇ ಕೈ ಆಡಿಸಬ್ಯಾಡ," ಎಂದಳು ದೊಡ್ಡವ್ವ.

ಇಬ್ಬರೂ ಕಲ್ಲು ಆರಿಸುತ್ತ ಕೂತರು. ನಾನು ಕಂಬಕ್ಕೆ ಒರಗಿ ನಿಂತೇ ಇದ್ದೆ. ತನ್ನ ಪರವಾಗಿ ಒಂದೂ ಮಾತಾಡದೆ ಕೂರುವಷ್ಟು ಬಲ ಒಬ್ಬ ಮನುಷ್ಯನಿಗೆ ಇರಬಹುದೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ದೊಡ್ಡವ್ವ ಮೊರ ಕೆಳಗಿಟ್ಟಳು.

"ಕಡೀಕ ಅತ್ತಿ ನನ್ನ ಹೆಸರ ತಗದಳೇನು?"

ಇಷ್ಟು ವರ್ಷ ಇದನ್ನು ಕೇಳಲು ಅವಳಿಗೆ ಬೇರೆ ಯಾರೂ ಇರಲಿಲ್ಲ. ಅಜ್ಜಿಯ ಪಕ್ಕದಲ್ಲಿದ್ದವಳು ಅವ್ವ ಒಬ್ಬಳೇ.

"ಮಾತು ನಿಂತಿತ್ತಕ್ಕಾ," ಎಂದಳು ಅವ್ವ. "ಬಾಗಲದ ಕಡೇನ ನೋಡತಿದ್ದಳು."