ಚೌಕದೊಳಗಿನ ಎರಡಕ್ಷರ

ಉರ್ಪೊ ಕೆಟ್ಟುನೆನ್‌ಗೆ ಆ ಹೆಸರಿಟ್ಟಾಗ ಅದು ಮರ್ಯಾದಸ್ಥರ ಹೆಸರೇ ಆಗಿತ್ತು. ಅವನಿಗೆ ಮೀಸೆ ಬರುವಷ್ಟರಲ್ಲಿ ಫಿನ್ಲೆಂಡಿನ ಹುಡುಗರು ಪೆದ್ದರನ್ನೆಲ್ಲ ಉರ್ಪೊ ಎಂದು ಕರೆಯತೊಡಗಿದ್ದರು. “ಹೆಸರಿಗೆ ತಕ್ಕ ಹಾಗೆ ನಾನು ಬದುಕಿದೆನೋ, ನನ್ನನ್ನು ನೋಡಿ ಹೆಸರೇ ಅರ್ಥ ಬದಲಿಸಿಕೊಂಡಿತೋ, ಆ ದೇವರಿಗೇ ಗೊತ್ತು” ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಈಸಲ್ಮಿಯಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಈ ಮಹಾವೀರ ಹಳೆಯ ಸೇನಾ ಪಿಸ್ತೂಲುಗಳ ಪರಿಕರಗಳನ್ನು ಕೂಡಿಹಾಕುತ್ತಿದ್ದ. ಸೊಂಟಕ್ಕೆ ಕಟ್ಟುವ ತೊಗಲಿನ ಒರೆ, ನಳಿಗೆ ತಿಕ್ಕುವ ಕೋಲು, ಎಣ್ಣೆಯ ಪುಟ್ಟ ಡಬ್ಬಿ, ಎಲ್ಲವೂ ಇದ್ದವು. ಪಿಸ್ತೂಲು ಮಾತ್ರ ಒಂದೂ ಇರಲಿಲ್ಲ. ಅದರ ಸದ್ದೆಂದರೆ ಅವನಿಗೆ ಭಯ.

“ಕೂಸಿಲ್ಲ, ಬಸುರಿಲ್ಲ, ಕುಲಾವಿ ಮಾತ್ರ ಗೋಡೆ ತುಂಬ” ಎನ್ನುತ್ತಿದ್ದಳು ಹೆಂಡತಿ ಹೆಲ್ಕಾ.

ಗೋಡೆ ಯಾವುದೆಂಬುದೇ ಅವಳ ತಕರಾರು. ಸೌನಾ ಎಂಬ ಬಿಸಿಹಬೆಯ ಸ್ನಾನದ ಮನೆಯ ಮುಂದೆ ಬಟ್ಟೆ ಬಿಚ್ಚಲು ಇದ್ದ ಪುಟ್ಟ ಕೋಣೆಯ ಗೂಟಗಳನ್ನೆಲ್ಲ ಒರೆಗಳು ಆಕ್ರಮಿಸಿದ್ದವು, ಬೆಂಚನ್ನು ಡಬ್ಬಿಗಳು ಗೆದ್ದುಕೊಂಡಿದ್ದವು. ಹೆಲ್ಕಾ ಹೊರಗಿನ ಜಗಲಿಯಲ್ಲಿ, ಹಿಮದ ಗಾಳಿಗೆ ನಿಂತು ಬಟ್ಟೆ ಬಿಚ್ಚಬೇಕಿತ್ತು.

ಆ ಚಳಿಗಾಲ ಅವಳು ತೀರ್ಪು ಕೊಟ್ಟಳು. “ನಿನ್ನ ಸಂಗ್ರಾಹಕರ ಸಂಘದವರು ಈ ಸಲದ ಪ್ರದರ್ಶನದಲ್ಲಿ ನಿನಗೊಂದು ಮೇಜು ಕೊಟ್ಟರೆ ಕೋಣೆ ನಿನ್ನದೇ ಇರಲಿ. ಕೊಡದಿದ್ದರೆ ಗೂಟ ನನ್ನ ಟವೆಲ್ಲಿಗೆ.”

“ಸೈನ್ಯದ್ದೇ ಅಪರೂಪದ ಸಾಮಾನು ತಂದವರಿಗೆ ಮಾತ್ರ ಮೇಜು ಕಣೇ. ನನ್ನ ಹತ್ತಿರ ಎಲ್ಲಿದೆ?”

“ಅದಕ್ಕೇ ಹೇಳ್ತಿರೋದು.”

ಹೀಗಿರುವಾಗ ಪಕ್ಕದ ಹಳ್ಳಿಯ ತೋಟದ ಮನೆಯೊಂದರ ಸಾಮಾನು ಹರಾಜಾಯಿತು. ಹಿಮದ ಮೇಲೆ ಜಾರುವ ಮುರಿದ ಹಲಗೆಗಳ ಜೊತೆ ಒಂದು ಪೆಟ್ಟಿಗೆಯಲ್ಲಿ ಉದ್ದನೆಯ, ಕಿರಿದಾದ, ದಪ್ಪ ತೊಗಲಿನ ಚೀಲ ಬಿದ್ದಿತ್ತು. ಅದರ ಮೇಲೆ ಒಂದು ಚೌಕ, ಚೌಕದೊಳಗೆ ಎರಡಕ್ಷರ: ಎಸ್, ಎ. ಸುವೋಮೆನ್ ಆರ್ಮೇಯಾ, ಅಂದರೆ ಫಿನ್ಲೆಂಡಿನ ಸೈನ್ಯ. ಈ ಮುದ್ರೆ ಕಂಡರೆ ಅಲ್ಲಿಯ ಸಂಗ್ರಾಹಕರಿಗೆ ಎದೆ ಹೊಡೆದುಕೊಳ್ಳುತ್ತದೆ. ಉರ್ಪೊನ ಎದೆ ಬಸ್ಸಿನ ಹಳೇ ಎಂಜಿನ್ನಿನಂತೆ ಹೊಡೆದುಕೊಂಡಿತು. ಮುಖ ಮಾತ್ರ ಆಲೂಗಡ್ಡೆ ಕೊಳ್ಳುವವನ ಹಾಗೆ ಇಟ್ಟುಕೊಂಡು ಇಡೀ ಪೆಟ್ಟಿಗೆಗೆ ಸವಾಲು ಕೂಗಿ ಕೊಂಡ. ಎದುರು ಕೂಗಿದವರೇ ಇಲ್ಲ. ಇಷ್ಟು ಜನರಲ್ಲಿ ತನ್ನೊಬ್ಬನಿಗೇ ಕಣ್ಣಿದೆ ಎಂದು ಅವನು ತಿಳಿದ. ಉಳಿದವರಿಗೆ ಬುದ್ಧಿ ಇದ್ದಿರಬಹುದು ಎಂಬುದು ಹೊಳೆಯಲಿಲ್ಲ.

ಮನೆಗೆ ಬಂದು ನಳಿಗೆ ತಿಕ್ಕುವ ಕೋಲನ್ನು ಚೀಲದೊಳಗಿಳಿಸಿದರೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

ಸಂಘದ ಸಭೆ ಶಾಲೆಯ ಊಟದ ಮನೆಯಲ್ಲಿ, ಕಾಫಿ, ಏಲಕ್ಕಿ ಬನ್ನುಗಳ ನಡುವೆ ಸೇರಿತು. ಏನಾಗುತ್ತದೋ ನೋಡಲು ಹೆಲ್ಕಾಳೂ ಬಂದು ಕೂತಿದ್ದಳು. ಅಧ್ಯಕ್ಷ ರೈಮೊ ತುಪ್ಪುರೈನೆನ್ ಭೂತಗನ್ನಡಿ ಹಿಡಿದು ಚೀಲದೊಳಗೆ ಇಣುಕಿದ.

“ಒಳಗೆ ಸುಟ್ಟಿದೆ ಮಾರಾಯ.”

“ಸುಟ್ಟಿದೆ” ಎಂದ ಉರ್ಪೊ, ತಾನೇ ಸುಡುವಾಗ ಪಕ್ಕದಲ್ಲಿದ್ದವನಂತೆ.

“ಇದು ರಣರಂಗದ ಬೆಂಕಿ. ಇದನ್ನು ಹೊತ್ತ ಸೈನಿಕ ಬದುಕಿ ಬಂದನೋ ಇಲ್ಲವೋ.” ಅಧ್ಯಕ್ಷ ಟೋಪಿ ತೆಗೆದ. ಉಳಿದವರೂ ತೆಗೆದರು. ಉರ್ಪೊನಿಗೆ ಟೋಪಿ ಇರಲಿಲ್ಲ, ಕನ್ನಡಕ ತೆಗೆದ. ಕಿಟಕಿಯ ಬಳಿಯ ದೊಡ್ಡ ಮೇಜು ಅವನಿಗೇ ಎಂದು ಅಲ್ಲೇ ತೀರ್ಮಾನವಾಯಿತು. ಕನ್ನಡಕವಿಲ್ಲದ ಕಣ್ಣಿಗೆ ಮಸುಕು ಮಸುಕಾಗಿ ಕಂಡ ಹೆಂಡತಿಯ ಕಡೆ ನೋಡಿ ಉರ್ಪೊ ಮೀಸೆ ತಿರುವಿದ.

ಕಾಫಿ ಬಗ್ಗಿಸುತ್ತಿದ್ದ ಸಿಲ್ವಿ ಆಸಿಕೈನೆನ್ ಎಂಬ ಮುದುಕಿ ಆಗ ಮೇಜಿನ ಹತ್ತಿರ ಬಂದಳು. ಹರಾಜಾದದ್ದು ಅವಳು ಹುಟ್ಟಿ ಬೆಳೆದ ಮನೆಯ ಸಾಮಾನು.

“ಅಯ್ಯೋ, ಇದು ಇನ್ನೂ ಇದೆಯಾ?” ಎಂದಳು.

“ಅಜ್ಜಿ, ಮುಟ್ಟಬೇಡಿ. ಸೈನ್ಯದ್ದು” ಎಂದ ಅಧ್ಯಕ್ಷ.

“ಯಾವ ಸೈನ್ಯಾನಪ್ಪ? ಇದು ನನ್ನ ಕೂದಲು ಸುರುಳಿ ಮಾಡೋ ಇಕ್ಕಳದ ಚೀಲ. ನಮ್ಮಪ್ಪ ಕುದುರೆ ಜೀನು ಹೊಲೀತಿದ್ರು. ನಾವು ಆರು ಜನ ಅಕ್ಕತಂಗೀರು, ಒಬ್ಬರದ್ದು ಒಬ್ಬರು ಕದೀತೀವಿ ಅಂತ ಎಲ್ಲಾದಕ್ಕೂ ಅವರವರ ಅಕ್ಷರ ಹೊಡೀತಿದ್ರು. ಎಸ್ ಅಂದ್ರೆ ಸಿಲ್ವಿ, ಎ ಅಂದ್ರೆ ಆಸಿಕೈನೆನ್.”

“ಮತ್ತೆ ಒಳಗೆ ಸುಟ್ಟಿರೋದು?” ಉರ್ಪೊ ಮೆಲ್ಲಗೆ ಕೇಳಿದ.

“ಡ್ಯಾನ್ಸಿಗೆ ಹೊತ್ತಾಗಿತ್ತು. ಬಿಸಿ ಇಕ್ಕಳ ಆರೋಕೆ ಮುಂಚೆ ಒಳಗೆ ತುರುಕಿದೆ. ಅಪ್ಪನ ಹತ್ತಿರ ಬೈಗುಳ ಬೇರೆ ತಿಂದೆ.”

ಟೋಪಿಗಳು ಒಂದೊಂದಾಗಿ ತಲೆಗೆ ವಾಪಸಾದವು. ಅಧ್ಯಕ್ಷನಿಗೆ ತನ್ನ ಮಾತು ನುಂಗಲು ಮನಸ್ಸಿಲ್ಲ. “ಯುದ್ಧದ ಕಾಲದಲ್ಲಿ ಸೈನ್ಯ ಜನರಿಂದ ಏನೇನೋ ಪಡೆದುಕೊಂಡಿತ್ತು” ಎಂದು ಗೊಣಗಿದ. “ಉರ್ಪೊ, ನೀನು ಸುಮ್ಮನಿರು, ಮೇಜು ಇರಲಿ.”

ಕೋಣೆ, ಗೂಟ, ಬೆಂಚು ಎಲ್ಲವೂ ಆ ಒಂದು ಮಾತಿನಲ್ಲಿ ಉಳಿಯುತ್ತಿದ್ದವು. ಉರ್ಪೊ ಬಾಯಿ ಬಿಗಿಹಿಡಿದ. ಆದರೆ ಸುರುಳಿ ಕೂದಲಿನ ದಂಡು ಶತ್ರುವಿನ ಮೇಲೆ ಏರಿಹೋಗುವ ಚಿತ್ರ ಕಣ್ಣಮುಂದೆ ಬಂದುಬಿಟ್ಟಿತು. ನಗು ಒತ್ತಿಕೊಂಡು ಬಂದು ಮೂಗಿನಿಂದ ಕಾಫಿ ಬಂತು.

“ಮೇಜು ಬೇಡಪ್ಪ” ಎಂದ, ಕಣ್ಣೊರೆಸಿಕೊಳ್ಳುತ್ತ. “ಹಾಳಾದ ಇಕ್ಕಳಕ್ಕೆ ನಾನು ಕನ್ನಡಕ ತೆಗೆದು ಗೌರವ ಸಲ್ಲಿಸಿದೆನಲ್ಲ, ಅಷ್ಟು ಸಾಕು.” ಚೀಲವನ್ನು ಸಿಲ್ವಿಯ ಕೈಗಿಟ್ಟ.

ಶನಿವಾರ ಸೌನಾ ಕಾಯಿತು. ಒರೆಗಳೆಲ್ಲ ಮಂಚದಡಿ ಸೇರಿದ್ದವು. ಹೆಲ್ಕಾ ಬೆಚ್ಚನೆಯ ಕೋಣೆಯಲ್ಲಿ ಬೇಕಂತಲೇ ನಿಧಾನವಾಗಿ ಒಂದೊಂದೇ ಬಟ್ಟೆ ಬಿಚ್ಚಿ ಒಂದೊಂದು ಗೂಟಕ್ಕೆ ಹಾಕಿದಳು. ಗೂಟಗಳು ಮುಗಿದವು.

“ನನ್ನ ಪ್ಯಾಂಟು?” ಎಂದ ಉರ್ಪೊ.

“ಜಗಲಿ ಖಾಲಿ ಇದೆ” ಎಂದು ಅವಳು ಒಳಗೆ ಹೋಗಿ ಬಿಸಿಗಲ್ಲಿನ ಮೇಲೆ ನೀರು ಸುರಿದಳು.