ಅಣ್ಣ ಆರಿಸಿದ ಹಗ್ಗ

ನೀರಿನಲ್ಲಿ ಜೀವ ಉಳಿಸುವ ಸಾಮಾನನ್ನು ಹೇಗೆ ಆರಿಸಬೇಕು ಎಂದು ಬಲ್ಲವನು ನಮ್ಮಣ್ಣ. ಒಣಗಿದ ಸೋರೆಬುರುಡೆ ಕೈಗೆ ಸಿಕ್ಕರೆ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಬೀಜ ಗಲಗಲ ಅಂದರೆ ಒಳಗೆ ಪೂರ್ತಿ ಒಣಗಿದೆ ಎಂದು ಅರ್ಥ. ಆಮೇಲೆ ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟುತ್ತಿದ್ದ. ಒಂದು ಕಡೆ ಸದ್ದು ಮಂಕಾದರೂ ಅದು ಪಕ್ಕಕ್ಕೆ. ಉಳಿದದ್ದನ್ನು ನೂಲಿಗೆ ಬಣ್ಣ ಹಾಕುವ ತೊಟ್ಟಿಯಲ್ಲಿ ಎರಡೂ ಕೈಯಿಂದ ಮುಳುಗಿಸಿ ಹಿಡಿದು, ಎಲ್ಲಾದರೂ ಗುಳ್ಳೆ ಏಳುತ್ತದಾ ಎಂದು ಬಗ್ಗಿ ನೋಡುತ್ತಿದ್ದ. ಆಗ ಅವನನ್ನು ಮಾತಾಡಿಸಿದರೂ ಕೇಳಿಸುತ್ತಿರಲಿಲ್ಲ.

ಮಗ್ಗದ ಗುಂಡಿಯಲ್ಲಿ ಕೂತ ಅಪ್ಪ ಅಲ್ಲಿಂದಲೇ ಕೂಗುತ್ತಿದ್ದರು: "ಏನಪ್ಪಾ, ಹೆಣ್ಣು ಒಪ್ಪಿಗೆ ಆಯ್ತಾ?"

"ಹೆಣ್ಣನ್ನ ಹಿಂಗೆ ನೀರಲ್ಲಿ ಅದ್ದಿ ನೋಡಕ್ಕಾಗಲ್ವಲ್ಲಪ್ಪಾ, ಇದೇ ವಾಸಿ" ಅನ್ನುತ್ತಿದ್ದ ಅಣ್ಣ.

ದೊಡ್ಡಬಳ್ಳಾಪುರಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ನಮ್ಮೂರು. ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ಪಟ್ಟಣದಲ್ಲಿ ಪವರ್‌ಲೂಮ್ ಸದ್ದು ಜೋರಾಗುತ್ತಿದ್ದರೂ ನಮ್ಮ ಮನೆಯಲ್ಲಿ ಇನ್ನೂ ಕೈಮಗ್ಗವೇ, ಹತ್ತಿ ಸೀರೆಯೇ. ಅಪ್ಪ, ಅಣ್ಣ ನೇಯುತ್ತಿದ್ದರು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾ, ಮಗ್ಗದ ಉದ್ದಕ್ಕೆ ಬಿಗಿದ ಹಾಸಿನಲ್ಲಿ ಎಳೆ ಕಿತ್ತುಹೋದರೆ ಗಂಟು ಹಾಕುತ್ತಾ ಬೆಳೆದವಳು. ಆ ಗಂಟು ಎಷ್ಟು ಸಣ್ಣದಿರಬೇಕೆಂದರೆ ಸೀರೆ ಉಟ್ಟವರ ಬೆರಳಿಗೂ ಸಿಗಬಾರದು. ಮನೆಯಲ್ಲಿ ಅಂಥ ಗಂಟು ನನ್ನದೇ. ನನಗೆ ಅದರ ಜಂಬವೂ ಇತ್ತು.

ಆಷಾಢ ಬಂತೆಂದರೆ ಮದುವೆ ಇಲ್ಲ, ಸೀರೆ ಕೇಳುವವರಿಲ್ಲ. ಮಗ್ಗದ ಕೆಲಸ ನಿಧಾನವಾಗುತ್ತಿತ್ತು. ಗಾಳಿ ಮಾತ್ರ ಹೆಂಚು ಹಾರಿಸುವ ಹಾಗೆ ಬೀಸುತ್ತಿತ್ತು. ಒಂದು ಆಷಾಢದಲ್ಲಿ ಅಣ್ಣ ಬಾಗಿಲಿನಷ್ಟು ದೊಡ್ಡ ಗಾಳಿಪಟ ಕಟ್ಟಿದ್ದ. ಅದು ಅವನನ್ನು ಬಯಲಿನ ಉದ್ದಕ್ಕೂ ದರದರ ಎಳೆದುಕೊಂಡು ಹೋಯಿತು. ಮೊಣಕೈ ತರಚಿಕೊಂಡು ಮನೆಗೆ ಬಂದವನ ಮುಖದಲ್ಲಿ ನೋವೇ ಇಲ್ಲ. "ಲೇ ಪುಟ್ಟಿ, ನೆಲದ ಮೇಲೇ ಹಿಂಗೆ ಎಳೆಯೋದು ನೀರ ಮೇಲೆ ಹೆಂಗೆ ಎಳೀಬೋದು ಹೇಳು" ಅಂದ.

ಹಿಂದಿನ ಮಳೆಗಾಲದಲ್ಲಿ ನಮ್ಮ ಕೆರೆ ಕೋಡಿ ಬಿದ್ದಿತ್ತು. ಆಷಾಢದಲ್ಲೂ ಆಚೆ ದಡ ಮಸುಕಾಗಿ ಕಾಣುವಷ್ಟು ನೀರು. ಅಣ್ಣ ಬೇಲಿಯ ಒಣಗಿದ ಕತ್ತಾಳೆ ಬೊಂಬುಗಳನ್ನು ಸಾಲಾಗಿ ಬಿಗಿದು ತೆಪ್ಪ ಮಾಡಿದ. ಕತ್ತಾಳೆ ಬೊಂಬು ಹಗುರ, ಬೆಂಡಿನ ಹಾಗೆ ತೇಲುತ್ತದೆ. ಹಳೇ ಪಂಚೆಗಳನ್ನು ಜೋಡಿಸಿ ನನ್ನ ಕೈಲಿ ಹೊಲಿಸಿ, ಹಾಸಿನ ನೂಲಿಗೆ ಹಾಕುವ ಗಂಜಿಯನ್ನೇ ಬಳಿದು ಒಣಗಿಸಿ ಹಾಯಿ ಮಾಡಿದ. ಅದನ್ನು ಬಿದಿರಿಗೆ ಕಟ್ಟಿ, ಬಿದಿರಿನ ಬುಡವನ್ನು ತೆಪ್ಪಕ್ಕೆ ಸಡಿಲವಾಗಿ ಬಿಗಿದು, ಮೇಲೆ ನಿಂತು ಕೈಯಲ್ಲೇ ಹಿಡಿದು ಗಾಳಿಗೆ ವಾಲಿಸುತ್ತಿದ್ದ. ಈಗ ಮೊಮ್ಮಗ ಟೀವಿಯಲ್ಲಿ ಸಮುದ್ರದ ಮೇಲೆ ಹಲಗೆಗೆ ಹಾಯಿ ಕಟ್ಟಿ ಹೋಗುವವರನ್ನು ತೋರಿಸಿ "ನೋಡಜ್ಜಿ" ಅಂದಾಗ ನನಗೆ ಹೊಸದೇನೂ ಕಾಣಲಿಲ್ಲ. ಅವರ ಕಾಲಿಗೊಂದು ಹಗ್ಗ ಇತ್ತಲ್ಲ, ಅದನ್ನೇ ನೋಡುತ್ತಾ ಕೂತೆ.

ಅಪ್ಪ ತೆಪ್ಪಕ್ಕೆ ಒಪ್ಪಿದ್ದು ಒಂದೇ ಮಾತಿನ ಮೇಲೆ. "ನೀನು ಹುಷಾರಿನೋನು ಅಂತ ಬಿಡ್ತಾ ಇದೀನಿ. ಒಂದು ಸಲ ಹೆಚ್ಚುಕಮ್ಮಿ ಆಗಲಿ, ಅವತ್ತೇ ಅದು ಒಲೆಗೆ."

ಹುಷಾರಿನವನು ಎಂಬುದು ಅಪ್ಪನ ಮಾತಷ್ಟೇ ಅಲ್ಲ, ಊರಿನ ಮಾತು. ಬಾವಿ ಹೂಳೆತ್ತಲು ಯಾರಾದರೂ ಇಳಿಯಬೇಕಾದರೆ ಮೊದಲು ಅಣ್ಣನನ್ನು ಕರೆದು ಹಗ್ಗ ತೋರಿಸುತ್ತಿದ್ದರು. ಅವನು ಹುರಿಯನ್ನು ಬಿಡಿಸಿ, ಒಳಗಿನ ನಾರನ್ನು ಮೂಸಿ ನೋಡಿ, "ಇಳೀಬೋದು" ಅಂದರೆ ಮಾತ್ರ ಇಳಿಯುತ್ತಿದ್ದರು.

ಕೆರೆಗೂ ಹಾಗೆಯೇ ಹೊರಟ. ಗೆಳೆಯನೊಬ್ಬ ಲಾರಿ ಟ್ಯೂಬು ತಂದುಕೊಟ್ಟು, "ಬುರುಡೆ ಯಾಕೋ ಗುರು, ಇದನ್ನ ಹಾಕ್ಕೊಂಡ್ರೆ ಆನೆನೂ ತೇಲುತ್ತೆ" ಅಂದ. ಅಣ್ಣ ಬೇಡ ಅಂದ. ನಮ್ಮ ಕೆರೆಯಂಗಳದ ತುಂಬ ಜಾಲಿಮರ, ನೀರೊಳಗೆ ಮುಳ್ಳು. "ಟ್ಯೂಬಿಗೆ ಒಂದು ಮುಳ್ಳು ಚುಚ್ಚಿದ್ರೆ ಪೂರ್ತಿ ಹೋಯ್ತು. ಬುರುಡೆ ಒಂದು ಒಡೆದ್ರೆ ಇನ್ನೊಂದು ಇರುತ್ತೆ ಕಣೋ." ಹಾಗೆಂದು ಬುರುಡೆಗಳ ತೊಟ್ಟಿನ ಬುಡಕ್ಕೆ ನಾನು ಕಾಯಿಸಿಕೊಟ್ಟ ಜೇನುಮೇಣ ಮೆತ್ತಿ, ಎದೆಗೂ ಬೆನ್ನಿಗೂ ಬರುವ ಹಾಗೆ ಪಟ್ಟಿ ಕಟ್ಟಿದ. ಕತ್ತಿಗೆ ಒಂದು ಸೀಟಿ, ಒಂದು ಸಣ್ಣ ಚಾಕು. ಚಾಕು ಹಾಯಿಯ ಹಗ್ಗ ಮೈಗೆ ಸುತ್ತಿಕೊಂಡರೆ ಕೊಯ್ಯಲು. ಸೀಟಿ ಊದಿದರೆ ಏರಿಯ ಮೇಲೆ ಕೂತ ನಾನು ಕೆಂಪು ಬಟ್ಟೆ ಬೀಸಬೇಕು, ಹರಿಗೋಲಿನಲ್ಲಿ ಮೀನು ಹಿಡಿಯುವ ತಾತ ಬರಬೇಕು. ತಾತನಿಗೆ ಮೊದಲೇ ಹೇಳಿ ಇಟ್ಟಿದ್ದ.

ಎಲ್ಲಕ್ಕಿಂತ ಮುಖ್ಯ ಎಂದು ಅವನು ಹೇಳುತ್ತಿದ್ದದ್ದು ಸೊಂಟದಿಂದ ತೆಪ್ಪಕ್ಕೆ ಕಟ್ಟುವ ಹಗ್ಗ. "ಬಿದ್ದೋನು ಈಜಿ ತೆಪ್ಪ ಹಿಡೀತೀನಿ ಅನ್ಕೋತಾನೆ. ಗಾಳಿ ಅವನಿಗಿಂತ ಬೇಗ ಅದನ್ನ ಹೊಡ್ಕೊಂಡು ಹೋಗುತ್ತೆ. ತೆಪ್ಪ ಬಿಟ್ರೆ ಕೆಟ್ಟ." ಮಗ್ಗದಲ್ಲಿ ಹಾಸು ಮುಗಿದಾಗ ಉಳಿಯುವ ನೂಲಿನಲ್ಲಿ ಒಳ್ಳೆಯದನ್ನೇ ಆಯ್ದು, ಹುರಿ ಮೇಲೆ ಹುರಿ ಹಾಕಿ ಆ ಹಗ್ಗ ಹೊಸೆದ. ಇಬ್ಬರು ಗೆಳೆಯರನ್ನು ಎರಡು ಕಡೆ ನಿಲ್ಲಿಸಿ ಜಗ್ಗಿಸಿದ. ಅವರು ಬಿದ್ದರು, ಹಗ್ಗ ಕಿತ್ತುಹೋಗಲಿಲ್ಲ.

ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟ. "ಈ ನೂಲಲ್ಲಿ ಗಂಜಿ ಇದೆ. ಚೆನ್ನಾಗಿ ನೆನೆಸಿ, ಕುಕ್ಕಿ ಗಂಜಿ ಬಿಡಿಸು. ಒಣಗಿದ ಮೇಲೆ ತೆಪ್ಪಕ್ಕೆ ಕಟ್ಟು. ಕಟ್ಟಿದ ಗಂಟಿಗೆ ಮತ್ತೆ ನೀರು ಹಾಕಿ ಜಗ್ಗು. ನಿನ್ನ ಗಂಟು ನನ್ನದಕ್ಕಿಂತ ಗಟ್ಟಿ, ನೀನೇ ಕಟ್ಟು."

"ನನ್ನನ್ನೂ ತೆಪ್ಪದ ಮೇಲೆ ಕರ್ಕೊಂಡು ಹೋಗ್ತೀಯಾ?"

"ಈಜು ಕಲಿ, ಆಮೇಲೆ."

"ಕಲಿಸೋರು ಯಾರು?"

"ಬೇಸಿಗೆ ಬರ್ಲಿ ಇರೇ."

ನನಗೆ ಸಿಟ್ಟು ಬಂತು. ಅವನ ಬುರುಡೆಗೆ ಮೇಣ ಕಾಯಿಸಿದವಳು ನಾನು, ಹಾಯಿ ಹೊಲಿದವಳು ನಾನು, ಬಿಸಿಲಲ್ಲಿ ಏರಿ ಮೇಲೆ ಕೂರುವವಳೂ ನಾನು. ಹಗ್ಗವನ್ನು ತೊಟ್ಟಿಯವರೆಗೂ ಒಯ್ಯಲಿಲ್ಲ. ಗಂಜಿ ಇದ್ದ ಹಾಗೇ ತೆಪ್ಪಕ್ಕೆ ಕಟ್ಟಿದೆ. ಅದೂ ಎಳೆಗೆ ಹಾಕುವ ನಮ್ಮ ಸಣ್ಣ ಗಂಟು. ಗಂಜಿಗೆ ಹಗ್ಗ ಕಡ್ಡಿಯ ಹಾಗೆ ಬಿರುಸಾಗಿತ್ತು, ಗಂಟು ಕಲ್ಲಿನ ಹಾಗೆ ಕೂತಿತು. ನೇಯುವವರ ಮನೆಯಲ್ಲಿ ಹುಟ್ಟಿ, ಗಂಜಿ ನೀರಿಗೆ ಬಿದ್ದರೆ ಲೋಳೆಯಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ ಅಂದರೆ ಸುಳ್ಳು.

ಮಾರನೆಯ ದಿನ ಅಣ್ಣ ಕೇಳಿದ, "ನೆನೆಸಿದ್ಯೇನೇ?"

"ಹೂಂ" ಅಂದೆ.

ಬುರುಡೆಯನ್ನು ಮತ್ತೆ ತಟ್ಟಿ ನೋಡಿದ, ಸೀಟಿ ಊದಿ ನೋಡಿದ, ಚಾಕುವಿನ ಅಲಗು ಮುಟ್ಟಿ ನೋಡಿದ. ನನ್ನ ಗಂಟನ್ನು ಮಾತ್ರ ಒಂದು ಸಲ ಒಣಗಿದ್ದಾಗಲೇ ಜಗ್ಗಿ, ನಕ್ಕು, ನೀರಿಗಿಳಿದ.

ಅವನು ಹೋದ ಚೆಂದವನ್ನು ನಾನು ಹೇಳಲೇಬೇಕು. ಹಾಯಿ ಗಾಳಿ ತುಂಬಿ ಪಟ್ಟೆಂದಿತು. ಅವನು ಹಿಂದಕ್ಕೆ ವಾಲಿದ, ಬೆನ್ನು ನೀರಿಗೆ ತಾಗುತ್ತೇನೋ ಅನ್ನುವಷ್ಟು. ತೆಪ್ಪ ನೀರು ಸೀಳಿಕೊಂಡು ಹೋಯಿತು. ಏರಿಯ ಮೇಲೆ ದನ ಕಾಯುವವರು ಎದ್ದು ನಿಂತರು. ಆಗ ಒಂದು ಸುಳಿಗಾಳಿ ಹಾಯಿಯನ್ನು ಮಗುಚಿತು. ಅಣ್ಣ ಬಿದ್ದ. ತೆಪ್ಪ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಬಿದ್ದ ಹಾಯಿಯನ್ನು ನೀರ ಮೇಲೆ ಎಳೆದುಕೊಂಡು, ಗಾಳಿ ಹೊಡೆದ ಕಡೆಗೆ ತೆಪ್ಪ ಅವನನ್ನು ಬಿಟ್ಟು ಹೊರಟೇಹೋಯಿತು. ಅದನ್ನು ನೋಡಿದ ಕ್ಷಣವೇ ನನಗೆ ಗೊತ್ತಾಯಿತು. ಗಂಟು ಬಿಚ್ಚಿಕೊಂಡಿತ್ತು.

ಸೀಟಿ ಕೇಳಿಸಿತು. ಬಟ್ಟೆ ಬೀಸುತ್ತಾ, "ತಾತಾ, ತಾತಾ" ಎಂದು ಕಿರುಚುತ್ತಾ ಏರಿಯ ಮೇಲೆ ಓಡಿದೆ. ಅಣ್ಣ ತೆಪ್ಪದ ಹಿಂದೆ ಈಜಲಿಲ್ಲ. ಕೈಕಾಲು ಬಡಿದು ಸುಸ್ತಾಗಲಿಲ್ಲ. ಬುರುಡೆಗಳನ್ನು ಅಪ್ಪಿಕೊಂಡು, ಉಸಿರು ಬಂದಾಗಲೆಲ್ಲ ಸೀಟಿ ಊದುತ್ತಾ ಅಲೆಗೆ ಮೈ ಬಿಟ್ಟಿದ್ದ. ಅಲೆ ಅವನನ್ನು ಮುಳುಗಿದ ಜಾಲಿಮರಕ್ಕೆ ಒತ್ತಿ ಒಂದು ಬುರುಡೆ ಒಡೆಯಿತು. ಅವನು ಹೇಳಿದ್ದ ಹಾಗೆಯೇ ಉಳಿದವು ಅವನನ್ನು ಹಿಡಿದವು. ತಾತ ಹರಿಗೋಲಿಗೆ ಎಳೆದುಕೊಂಡಾಗ ಅಣ್ಣನ ತುಟಿ ನೀಲಿಯಾಗಿತ್ತು, ಸೀಟಿ ಇನ್ನೂ ಹಲ್ಲಿನ ನಡುವೆಯೇ ಇತ್ತು.

ಹಗ್ಗ ಅವನ ಸೊಂಟದಲ್ಲೇ ಇತ್ತು. ದಡಕ್ಕೆ ಬಂದು ಕೂತವನು ಅದನ್ನು ಎಳೆದು ತುದಿ ನೋಡಿದ. ನೇಯುವವನ ಕಣ್ಣು. ಕಿತ್ತ ತುದಿ ಯಾವುದು, ಬಿಚ್ಚಿಕೊಂಡ ತುದಿ ಯಾವುದು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗಂಟಿನ ಮಡಿಕೆ ಹಾಗೇ ಇತ್ತು, ಬೆರಳಿಗೆ ಗಂಜಿ ಲೋಳೆ ಅಂಟಿತು. ನನ್ನ ಮುಖ ನೋಡಿದ.

ಅಷ್ಟರಲ್ಲಿ ಸುದ್ದಿ ಕೇಳಿ ಅಪ್ಪ ಏರಿಯ ಮೇಲೆ ಓಡಿ ಬರುತ್ತಿದ್ದುದು ಕಾಣಿಸಿತು, ಹಿಂದೆ ಊರಿನವರು. ಅಣ್ಣ ಕತ್ತಿನ ಚಾಕು ತೆಗೆದು ಗಂಟಿನ ಮಡಿಕೆ ಇದ್ದಷ್ಟನ್ನು ಕೊಯ್ದು ನೀರಿಗೆ ಎಸೆದ. ಉಳಿದ ತುದಿಯನ್ನು ಕಲ್ಲಿಗೆ ಉಜ್ಜಿ ನಾರುನಾರು ಮಾಡಿದ.

"ಹಗ್ಗ ಕಿತ್ತೋಯ್ತಪ್ಪಾ" ಅಂದ. "ಒಳಗೆ ಕೊಳೆತಿತ್ತು. ನಾನೇ ನೋಡ್ಕೊಳ್ಳಿಲ್ಲ."

"ನೋಡ್ಕೊಳ್ಳಿಲ್ವಾ! ಬುರುಡೆನ ಮದುವೆ ಹೆಣ್ಣಿನ ಹಂಗೆ ನೋಡ್ತಿದ್ದೋನು, ಹಗ್ಗ ನೋಡಿಲ್ವಾ?" ಅಪ್ಪ ಅವನ ಕೆನ್ನೆಗೆ ಹೊಡೆದು, ಆಮೇಲೆ ತಬ್ಬಿಕೊಂಡು ಅತ್ತರು. ಆಚೆ ದಡದಿಂದ ತಂದ ತೆಪ್ಪ ಒಲೆಗೆ ಹೋಯಿತು. ಆ ಬೊಂಬಿನ ಉರಿಯಲ್ಲಿ ಬೆಂದ ಮುದ್ದೆಯನ್ನು ನಾನು ಬಾಯಿ ಮುಚ್ಚಿಕೊಂಡು ತಿಂದೆ.

ತೆಪ್ಪ ಹೋದದ್ದು ಅಣ್ಣನಿಗೆ ಅಷ್ಟು ದೊಡ್ಡದಾಗಲಿಲ್ಲವೇನೋ. ಅದೇ ವರ್ಷ ಊರ ಬಾವಿಗೆ ಆಳು ಇಳಿಸುವಾಗ ಅವನು ಅಭ್ಯಾಸದಂತೆ ಹೋಗಿ ಹಗ್ಗಕ್ಕೆ ಕೈ ಹಾಕಿದ. "ಬ್ಯಾಡ ಬಿಡಪ್ಪಾ, ನೀನು ಹಗ್ಗ ನೋಡೋ ಚೆಂದ ಕೆರೇಲೇ ಗೊತ್ತಾಯ್ತು" ಅಂದರು ಒಬ್ಬರು. ಎಲ್ಲರೂ ನಕ್ಕರು. ಅಣ್ಣನೂ ನಕ್ಕು ಕೈ ತೆಗೆದ. ಬಿಂದಿಗೆ ಹಿಡಿದು ನಾನು ಅಲ್ಲೇ ನಿಂತಿದ್ದೆ. ಒಂದು ಮಾತು ಸಾಕಿತ್ತು, ಆಡಲಿಲ್ಲ. ಆಮೇಲೆ ಹಗ್ಗ ನೋಡಲು ಅವನನ್ನು ಯಾರೂ ಕರೆಯಲಿಲ್ಲ.

ಬೇಸಿಗೆ ಬಂತು. ಒಂದು ದಿನ ಅಣ್ಣ ಉಳಿದಿದ್ದ ಬುರುಡೆಗಳನ್ನು, ಅದೇ ಹಗ್ಗವನ್ನು ತೆಗೆದುಕೊಂಡು, "ನಡಿಯೇ, ಈಜು ಕಲೀಬೇಕು ಅಂತಿದ್ದೆ" ಅಂದ. ತೋಟದ ಬಾವಿಯ ಮೆಟ್ಟಿಲ ಮೇಲೆ ಕೂತು ಹಗ್ಗವನ್ನು ನನ್ನ ಕಡೆ ಎಸೆದ. "ನೀನೇ ಕಟ್ಕೋ."

ಬೆರಳು ಸುಕ್ಕಾಗುವವರೆಗೆ ಹಗ್ಗವನ್ನು ನೀರಲ್ಲಿ ಕುಕ್ಕಿದೆ, ಹಿಂಡಿದೆ. ಆಮೇಲೆ ದಪ್ಪ ಗಂಟು ಹಾಕಿ ಸೊಂಟಕ್ಕೆ ಕಟ್ಟಿಕೊಂಡೆ.

"ನೆನೆಸಿದ್ಯಾ?" ಅಂದ.

"ಹೂಂ."

ಅವನು ಗಂಟನ್ನು ಜಗ್ಗಿ ನೋಡಲಿಲ್ಲ. ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡು, "ಧುಮುಕು" ಅಂದ.

ಅವನು ಹೋಗಿ ಎಷ್ಟೋ ವರ್ಷವಾಯಿತು. ಬಾವಿಯ ಹತ್ತಿರ ನಕ್ಕವರಲ್ಲೂ ಈಗ ಉಳಿದವರು ಕಡಿಮೆ. ಉಳಿದವರಿಗೆ, ಅವರ ಮಕ್ಕಳಿಗೆ ತಿಳಿಯಲಿ ಎಂದು ಇದನ್ನು ಬರೆದೆ. ಆ ಹಗ್ಗ ಕೊಳೆತಿರಲಿಲ್ಲ. ಅಣ್ಣ ಸರಿಯಾಗಿಯೇ ಆರಿಸಿದ್ದ.